ಕಿರುಬೆರಳು

ಆಟಿಸಂ ಇರುವ ಮಕ್ಕಳಿಗೆ ನಾನು ಕೈಸನ್ನೆ ಕಲಿಸುವ ಕೋಣೆಯನ್ನು ಉದ್ಘಾಟಿಸಿದವರು ನಮ್ಮ ಹೆಡ್‌ಮಾಸ್ಟರ್ ಉದಯಕುಮಾರ್. ಸನ್ನೆಯ ಮಹಿಮೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಬಿಗಿದರು. ಆಮೇಲೆ ಇನ್‌ಸ್ಪೆಕ್ಷನ್ ದಿನದವರೆಗೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಏಳು ವರ್ಷದ ಲಾವಣ್ಯಳಿಗೆ ಮಾತು ಬರುವುದಿಲ್ಲ. ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಬೇಕೆಂದು ಕಲಿಸಲು ನನಗೆ ಮೂರು ತಿಂಗಳು ಹಿಡಿಯಿತು. ಶಾಲೆಯ ಎಲ್ಲ ಮಕ್ಕಳೂ ಎತ್ತುವ ಅದೇ ಬೆರಳು. ಹೆಡ್‌ಮಾಸ್ಟರ್ ಮಹಾಶಯರೂ ಒಂದು ಕಾಲಕ್ಕೆ ಎತ್ತಿಯೇ ಇರಬೇಕು.

ಮೊನ್ನೆ ಆದೋನಿಯಿಂದ ಇನ್‌ಸ್ಪೆಕ್ಷನ್‌ಗೆ ಆಫೀಸರು ಬಂದರು. ಹೆಡ್‌ಮಾಸ್ಟರ್ ನನ್ನನ್ನು ಚಹಾ ತರಲು ಅಟ್ಟಿ, ಮಕ್ಕಳನ್ನೆಲ್ಲ ಕೈ ಕಟ್ಟಿಸಿ ಕೂರಿಸಿದರು. ಅವರ ಪಾಲಿಗೆ ಶಿಸ್ತೆಂದರೆ ಅಷ್ಟೇ. ನಾನು ಟ್ರೇ ಹಿಡಿದು ಬಾಗಿಲಿಗೆ ಬಂದಾಗ ಲಾವಣ್ಯ ಕಿರುಬೆರಳು ಎತ್ತಿದ್ದಳು.

"ಏ, ಕೈ ಕಟ್ಟು! ಸಾಹೇಬ್ರು ಬಂದಾರ, ಕಾಣಂಗಿಲ್ಲೇನು?" ಎಂದು ಹೆಡ್‌ಮಾಸ್ಟರ್ ಅವಳ ಕೈ ಮಡಚಿ ಎದೆಗೆ ಒತ್ತಿದರು. ಬೆರಳು ಮತ್ತೆ ಎದ್ದಿತು. ಮತ್ತೆ ಒತ್ತಿದರು. ನಾನು ಟ್ರೇ ಇಟ್ಟು ಓಡುವಷ್ಟರಲ್ಲಿ ನೆಲ ಒದ್ದೆಯಾಗಿತ್ತು. ಆಫೀಸರು ಪ್ಯಾಂಟು ಎತ್ತಿಕೊಂಡು ಹಿಂದೆ ಸರಿದರು.

ಹೆಡ್‌ಮಾಸ್ಟರ್ ನನ್ನ ಮೇಲೆ ಹರಿಹಾಯ್ದರು. "ಏನ್ರೀ ಟೀಚರ್, ಇಷ್ಟು ತಿಂಗಳು ಏನು ಕಲಿಸೀರಿ? ಒಂದಕ್ಕ ಬಂದೈತಿ ಅಂತ ಹೇಳಾಕ ಸೈತ ಬರಂಗಿಲ್ಲೇನು ಇದಕ್ಕ?"

"ಎರಡು ಸಲ ಹೇಳ್ಯಾಳ ಸಾರ್," ಎಂದೆ. "ಎರಡೂ ಸಲ ನೀವ ಆಕಿ ಬಾಯಿ ಮುಚ್ಚಿಸೀರಿ."