ಇಲಿಗೆ ಇಳಿದ ಶುಗರ್, ಮಂಗಮ್ಮನಿಗೆ ಬಂದ ತಲೆಸುತ್ತು

ಬೆಂಗಳೂರಿನ ಸಾರಕ್ಕಿಯಲ್ಲಿ ಈಗ ಯಾರ ಮನೆಗೆ ಹೋದರೂ ಕಾಫಿ ಕೊಡುವ ಮೊದಲು, "ಸಕ್ಕರೆ ಹಾಕ್ಲಾ, ಬೇಡ್ವಾ?" ಎಂದು ಕೇಳುತ್ತಾರೆ. ಮಂಗಮ್ಮನವರಿಗೆ ಶುಗರ್ ಬಂದು ಆರು ವರ್ಷ. ದಿನಾ ಮಾತ್ರೆ ನುಂಗಿ ನುಂಗಿ ಅವರಿಗೆ ಸಾಕಾಗಿಹೋಗಿತ್ತು.

ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದ ಹುಡುಗಿ ಪ್ರಕೃತಿ, ಫಾರ್ಮಸಿ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗಿಡಮೂಲಿಕೆಗಳ ಸಾರ ತೆಗೆದು, ಇಲಿಗಳಿಗೆ ಕೊಟ್ಟು, ಔಷಧಿಯ ಗುಣ ಇದೆಯೇ ಎಂದು ನೋಡುವುದು ಅವಳ ಕೆಲಸ. ಒಂದು ಸಂಜೆ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಾ ಖುಷಿಯಲ್ಲಿ ಹೇಳಿಬಿಟ್ಟಳು: "ಆಂಟಿ, ಇನ್ಸುಲಿನ್ ಗಿಡ ಇದ್ಯಲ್ಲ, ಅದರ ಎಲೆ ಸಾರ ಕೊಟ್ವಿ. ನಮ್ಮ ಇಲಿಗಳಿಗೆ ಶುಗರ್ ಸಖತ್ತಾಗಿ ಇಳೀತು!"

ಅಷ್ಟೇ ಸಾಕಾಯಿತು. ಮಾರನೇ ದಿನವೇ ಮಂಗಮ್ಮ ನರ್ಸರಿಯಿಂದ ಆ ಗಿಡ ತಂದರು. ಮೊದಲು ದಿನಕ್ಕೊಂದು ಎಲೆ ಅಗಿದರು. ಆಮೇಲೆ ಹಿಡಿ ಎಲೆ ರುಬ್ಬಿ ಲೋಟ ತುಂಬ ಕುಡಿಯತೊಡಗಿದರು. ಯಾರಿಗೂ ಹೇಳಲಿಲ್ಲ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಬೀನ್ಸ್ ಆರಿಸುತ್ತಿದ್ದ ಮಂಗಮ್ಮನ ಕೈ ಗಡಗಡ ನಡುಗಿತು. ಮೈಯೆಲ್ಲ ಬೆವರು, ತಲೆಸುತ್ತು. ಮಾತು ತೊದಲಿತು. ತರಕಾರಿ ಮಾರುವ ಮರೆಪ್ಪ ಓಡಿಬಂದು ಕೂರಿಸಿ, ಪಕ್ಕದ ಅಂಗಡಿಯಿಂದ ಸಕ್ಕರೆ ನೀರು ತಂದು ಕುಡಿಸಿದ. ಗಂಡ ಚಿಕ್ಕಬೈರಪ್ಪ ಬಂದು ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿ ನೋಡಿದರೆ, ಸಕ್ಕರೆ ನೀರು ಕುಡಿದ ಮೇಲೂ ಶುಗರ್ ಐವತ್ತೆರಡು! ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ. "ಹೊಸದಾಗಿ ಏನಾದ್ರೂ ತಗೊಂಡ್ರಾ?" ಎಂದರು ಡಾಕ್ಟರ್. ಮಂಗಮ್ಮ ಹೆದರಿ, "ಏನಿಲ್ಲ ಮೇಡಂ" ಎಂದುಬಿಟ್ಟರು.

ಮನೆಗೆ ಬಂದ ಮೇಲೆ ಹೆಂಡತಿಯಿಂದ ಎಲೆಯ ವಿಷಯ ತಿಳಿದ ಚಿಕ್ಕಬೈರಪ್ಪನವರು ಬೈಯಲಿಲ್ಲ, ಹಿಗ್ಗಿದರು. "ನೋಡ್ದ್ಯಾ, ಎಲೆ ಕೆಲ್ಸ ಮಾಡಿದೆ! ಇನ್ಮೇಲೆ ಮಾತ್ರೆನೇ ಬಿಟ್ಬಿಡು."

ಮಂಗಮ್ಮನಿಗೆ ತಲೆ ಕೆಟ್ಟಿತು. ಶುಗರ್ ಇಳಿಯಲಿ ಅಂತಲೇ ತಾನೇ ಕುಡಿದದ್ದು? ಇಳಿಯಿತು. ಆದರೆ ಪ್ರಾಣವೇ ಹೋಗುತ್ತಿತ್ತಲ್ಲ! ಎಲೆ ಒಳ್ಳೆಯದೋ, ಕೆಟ್ಟದ್ದೋ? ಸಂಜೆ ಪ್ರಕೃತಿಯನ್ನು ಕರೆಸಿ ಎಲ್ಲ ಹೇಳಿದರು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ತಪ್ಪು ನಂದು ಆಂಟಿ. ಅವತ್ತು ಅರ್ಧ ಮಾತು ಹೇಳ್ದೆ."

"ಅದಿರ್ಲಿ, ಎಲೆಯಿಂದಾನೇ ಇಳೀತಾ, ಹೇಳು."

"ಗೊತ್ತಿಲ್ಲ ಆಂಟಿ."

"ಓದಿರೋಳು ನೀನೇ ಗೊತ್ತಿಲ್ಲ ಅಂದ್ರೆ ನಾನೇನ್ ಮಾಡ್ಲಮ್ಮ?"

"ಇವತ್ತು ತಿಂಡಿ ತಿಂದಿದ್ರಾ?"

"ಇಲ್ಲ, ಮಾರ್ಕೆಟ್ಟಿಂದ ಬಂದು ತಿನ್ನೋಣ ಅಂತಿದ್ದೆ. ಮಾತ್ರೆ ಮಾತ್ರ ನುಂಗಿದ್ದೆ."

"ನೋಡಿ, ಮಾತ್ರೆ ಇಳಿಸ್ತೋ, ಖಾಲಿ ಹೊಟ್ಟೆಯೋ, ಎಲೆಯೋ, ಎಲ್ಲಾ ಸೇರಿಯೋ, ಹೇಗೆ ಹೇಳೋದು? ಲ್ಯಾಬಲ್ಲಿ ಇಲಿಗಳಿಗೆಲ್ಲಾ ಒಂದೇ ಊಟ. ತೂಕ ನೋಡಿ, ಸಾರ ಅಳೆದು ಕೊಡ್ತೀವಿ. ಕೆಲವಕ್ಕೆ ಸಾರ ಕೊಡದೆ ಬರೀ ನೀರು ಕೊಟ್ಟು ಹೋಲಿಸ್ತೀವಿ. ಮಿಕ್ಸಿಲಿ ರುಬ್ಬಿದ್ರೆ ಯಾವ ಅಳತೆ ಸಿಗುತ್ತೆ?"

ಚಿಕ್ಕಬೈರಪ್ಪ ಬಿಡಲಿಲ್ಲ. "ಇಲಿಗೆ ಆಗಿದ್ದು ಮನುಷ್ಯರಿಗೆ ಯಾಕಾಗಲ್ಲ?"

"ಆಗ್ಬೋದು ಅಂಕಲ್. ಆಗ್ದೇನೂ ಇರ್ಬೋದು. ಇಲಿಗೆ ಒಗ್ಗಿದ್ದು ನಮ್ಮ ಲಿವರ್‌ಗೆ, ಕಿಡ್ನಿಗೆ ಒಗ್ಗದೇ ಇರ್ಬೋದು. ಇಲಿ ಪರೀಕ್ಷೆ ಶುರುವಷ್ಟೇ. ಆಮೇಲೆ ಜನರಲ್ಲಿ, ಅವರ ಒಪ್ಪಿಗೆ ತಗೊಂಡು, ಜೋಪಾನವಾಗಿ ನೋಡ್ಬೇಕು. ವರ್ಷಗಟ್ಲೆ ಹಿಡಿಯುತ್ತೆ. ಎಷ್ಟೋ ಗಿಡಗಳು ಮಧ್ಯದಲ್ಲೇ ಫೇಲ್ ಆಗ್ತವೆ."

"ಪಾಪ, ಆ ಇಲಿಗಳು," ಎಂದರು ಮಂಗಮ್ಮ.

"ನಿಜ ಆಂಟಿ. ಅದಕ್ಕೇ ಪ್ರಾಣಿಗಳ ಮೇಲಿನ ಪ್ರಯೋಗ ನೋಡ್ಕೊಳ್ಳೋ ಕಮಿಟಿ ಪರ್ಮಿಷನ್ ಇಲ್ದೆ ನಾವು ಒಂದು ಇಲಿನೂ ಮುಟ್ಟೋ ಹಾಗಿಲ್ಲ. ನಿಮ್ಮನ್ನ ಮಾತ್ರ ಯಾವ ಪರ್ಮಿಷನ್ನೂ ಇಲ್ದೆ ನೀವೇ ಪರೀಕ್ಷೆಗೆ ಒಡ್ಕೊಂಡ್ರಿ."

ಮರುದಿನ ಚಿಕ್ಕಬೈರಪ್ಪನವರೇ ಹೆಂಡತಿಯನ್ನು ಕ್ಲಿನಿಕ್ಕಿಗೆ ಕರೆದೊಯ್ದರು. ಮಂಗಮ್ಮ ತಲೆ ತಗ್ಗಿಸಿ ಎಲೆಯ ವಿಷಯ ಹೇಳಿದರು. ಡಾಕ್ಟರ್ ನಿಟ್ಟುಸಿರು ಬಿಟ್ಟರು. "ಸದ್ಯ ಹೇಳಿದ್ರಿ. ಇಲ್ದಿದ್ರೆ ಮಾತ್ರೆನೇ ಜಾಸ್ತಿಯಾಯ್ತು ಅಂದ್ಕೊಂಡು ಮುಂದಿನ ಸಲ ನಾನು ಅದರ ಡೋಸ್ ಕಮ್ಮಿ ಮಾಡ್ತಿದ್ದೆ. ನೀವು ಎಲೆ ಬಿಟ್ಟ ದಿನ ಶುಗರ್ ಏರಿ ಕೂತಿರೋದು. ರಸ ನಿಲ್ಸಿ. ನಾನು ಹೇಳಿದ ಹಾಗೆ ಮಾತ್ರೆ ತಗೊಳ್ಳಿ, ತಿಂಡಿ ತಪ್ಪಿಸ್ಬೇಡಿ. ಎರಡು ವಾರ ಶುಗರ್ ನೋಡೋಣ."

ಎಲೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಮಂಗಮ್ಮನಿಗೆ ಇನ್ನೂ ತಿಳಿದಿಲ್ಲ. ಪ್ರಕೃತಿಗೂ ತಿಳಿದಿಲ್ಲ. ತಿಳಿಯುವವರೆಗೆ ಕುಡಿಯಬಾರದು ಎಂಬುದು ಮಾತ್ರ ಇಬ್ಬರಿಗೂ ಖಾತ್ರಿಯಾಗಿದೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಸೊಪ್ಪು, ಬೇರು, ಕಷಾಯ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ನಾಚಿಕೆ ಬೇಡ, ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ. ಅವರನ್ನು ಕೇಳದೆ ಮಾತ್ರೆ ಬಿಡಬೇಡಿ. "ಲ್ಯಾಬಿನಲ್ಲಿ ಗೆದ್ದ ಔಷಧಿ" ಎಂದು ಯಾರಾದರೂ ಹೇಳಿದರೆ, "ಇಲಿಯಲ್ಲೋ, ಜನರಲ್ಲೋ?" ಎಂದು ಕೇಳಿ. ನಿಮ್ಮ ಜೀವದ ಬಗ್ಗೆ ಕೇಳಲು ನಿಮಗೆ ಹಕ್ಕಿದೆ.