ಅಮ್ಮನ ಗುಂಡಿ, ಅಂಗಡಿ ಗುಂಡಿ

ಟೈಲರಕ್ಕನ ಮಗಳು ಪರೀಕ್ಷೆಯಲ್ಲಿ ಪಾಸಾದಳು. ಎಡವಟ್ಟಾಗಿದ್ದೇ ಅಲ್ಲಿ.

ಪರೀಕ್ಷೆ ಶಾಲೆಯದಲ್ಲ, ಅಂಗವಿಕಲರ ನೆರವು ಕಚೇರಿಯದು. ಹುಟ್ಟುವಾಗ ಮೆದುಳಿಗೆ ಉಸಿರು ಸಾಲದೆ, ಆ ಹುಡುಗಿಯ ಎರಡೂ ಕಾಲು ಮತ್ತು ಬಲಗೈ ಬಿಗಿದುಕೊಂಡಿದ್ದವು. ವಾಕರ್ ಹಿಡಿದರೆ ನಡೆಯುತ್ತಾಳೆ, ಎಡಗೈಯಲ್ಲಿ ಚಮಚ ಹಿಡಿಯುತ್ತಾಳೆ. ಆಗಾಗ ಜೊಲ್ಲು ಸುರಿದರೂ ಮಾತಿಗೆ ಮಾತ್ರ ಯಾವ ತೊಂದರೆಯೂ ಇಲ್ಲ, ಇಬ್ಬರಿಗಾಗುವಷ್ಟಿದೆ. ಅಪ್ಪನ ಹಾಡಿನಿಂದ ಹಿಡಿದು ಅಜ್ಜಿಯ ಗೊರಕೆಯವರೆಗೆ ಎಲ್ಲದಕ್ಕೂ ತೀರ್ಪು ಕೊಡುವ ಚಾಳಿಯಿಂದಾಗಿ ಮನೆಯಲ್ಲಿ ಅವಳನ್ನು ಜಡ್ಜಮ್ಮ ಎಂದೇ ಕರೆಯುತ್ತಿದ್ದರು.

ಶಾಲೆಯ ಹೆಡ್‌ಮಿಸ್ ಕೆಟ್ಟವರೇನಲ್ಲ. ಒಂದು ದಿನ ಟೈಲರಕ್ಕನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. "ಹುಡುಗಿ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬಾತ್‌ರೂಮಿಗೆ ಕರ್ಕೊಂಡು ಹೋಗೋಕೆ, ಬಟ್ಟೆ ಸರಿಮಾಡೋಕೆ ಒಬ್ಬರು ಬೇಕೇ ಬೇಕು. ನೀವು ಎಷ್ಟು ದಿನ ಅಂತ ಅಂಗಡಿ ಬಾಗಿಲು ಹಾಕಿ ಓಡಿ ಬರ್ತೀರಿ? ಕಚೇರಿಯಿಂದ ಸಹಾಯಕಿ ಮಂಜೂರು ಮಾಡಿಸ್ಕೊಂಡು ಬನ್ನಿ. ಇಲ್ಲದಿದ್ರೆ ರಜೆ ಮುಗಿದ ಮೇಲೆ ಮನೆಯಲ್ಲೇ ಪಾಠ ಅಂತ ಮಾಡ್ಬೇಕಾಗತ್ತೆ."

ಮನೆಯಲ್ಲೇ ಪಾಠ ಎಂದರೆ ವಾರಕ್ಕೊಮ್ಮೆ ಒಬ್ಬ ಟೀಚರ್ ಬಂದು ಹೋಗುವುದು. ಉಳಿದ ದಿನವೆಲ್ಲ ಹೊಲಿಗೆ ಮಿಷಿನ್ನಿನ ಪಕ್ಕದ ಕುರ್ಚಿ, ಬಟ್ಟೆ ಚೂರು, ಬೀದಿ ನೋಡುವ ಕಿಟಕಿ. ಮಾತಾಡಿಯೇ ಬದುಕುವ ಮಗುವನ್ನು ಮಾತಿಲ್ಲದ ಜಾಗದಲ್ಲಿ ಕೂರಿಸಿದ ಹಾಗೆ.

ಹಾಗಾಗಿ ಟೈಲರಕ್ಕ ಚಪ್ಪಲಿ ಸವೆಸಿದಳು. ಒಂದು ಕಡೆ ಸರ್ಟಿಫಿಕೇಟು, ಇನ್ನೊಂದು ಕಡೆ ಸೀಲು, ಮತ್ತೊಂದು ಕಡೆ "ಇಲ್ಲಲ್ಲಮ್ಮಾ, ಎದುರಿನ ಕಟ್ಟಡ". ಕೊನೆಗೆ ಸಿಕ್ಕ ನೆರವು ಕಚೇರಿ ಇದ್ದದ್ದು ಮೂರನೇ ಮಹಡಿಯಲ್ಲಿ. ನಡೆಯಲಾಗದವರು ಬರುವ ಕಚೇರಿಯನ್ನು ಅಲ್ಲಿ ಹತ್ತಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಲಿಫ್ಟ್ ಕೆಟ್ಟಿತ್ತು. ಟೈಲರಕ್ಕನ ಗಂಡ ಲಿಫ್ಟ್ ಮೆಕ್ಯಾನಿಕ್. ಮಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತ, ಅದನ್ನು ನೋಡಿಕೊಳ್ಳಬೇಕಾದವರ ವಂಶವನ್ನೆಲ್ಲ ಜಾಲಾಡಿದ. "ಅಪ್ಪ, ಮಾತಾಡಿದ್ರೆ ಉಸಿರು ಹೋಗತ್ತೆ, ಸುಮ್ನೆ ಹತ್ತು" ಎಂದು ಬೆನ್ನ ಮೇಲಿನ ಜಡ್ಜಮ್ಮ ತೀರ್ಪು ಕೊಟ್ಟಳು.

ಅದಕ್ಕೂ ಮುಂಚೆ ಮನೆಯಲ್ಲಿ ಭಾರೀ ತಯಾರಿ ನಡೆದಿತ್ತು. ಅಜ್ಜಿಗೆ ಪರೀಕ್ಷೆ ಎಂದರೆ ಪರೀಕ್ಷೆ. ಮೊಮ್ಮಗಳು ನಪಾಸಾಗುವ ಮಾತೇ ಇಲ್ಲ. ಚಮಚ ಹಿಡಿ, ಬೆನ್ನು ನೆಟ್ಟಗೆ ಮಾಡು, ಕೇಳಿದ್ದಕ್ಕೆ ಜೋರಾಗಿ ಹೇಳು ಎಂದು ತಾಲೀಮು ಮಾಡಿಸಿದ್ದೇ ಮಾಡಿಸಿದ್ದು. ಟೈಲರಕ್ಕ ಹೊಸ ಕೋಟು ಹೊಲಿದಳು. ಮುಂದೆ ಸಾಲಾಗಿ ಮುತ್ತಿನ ಬಣ್ಣದ ಗುಂಡಿ. ಮಗಳ ಬಟ್ಟೆಯನ್ನೆಲ್ಲ ಅವಳು ಹೊಲಿಯುತ್ತಿದ್ದದ್ದೇ ಹಾಗೆ: ಗುಂಡಿ ಮೇಲೆ ತೋರಿಕೆಗೆ, ಗುಂಡಿ ತೂರಿಸುವ ಕಾಜಾ ಕೂಡ ತೋರಿಕೆಗೆ, ಒಳಗೆ ಅಡಗಿಸಿದ ವೆಲ್ಕ್ರೋ ಪಟ್ಟಿ. ಎಡಗೈ ಅಂಗೈಯನ್ನು ಕತ್ತಿನಿಂದ ಕೆಳಕ್ಕೆ ಒತ್ತಿಕೊಂಡು ಬಂದರೆ ಸಾಕು, ಕೋಟು ಮುಚ್ಚಿಕೊಳ್ಳುತ್ತದೆ. ಹೊಲಿಗೆ ಎಷ್ಟು ನಾಜೂಕೆಂದರೆ, ಪಕ್ಕದ ಅಂಗಡಿಯ ಟೈಲರ್ ಕೂಡ ಕೈಯಲ್ಲಿ ಹಿಡಿದು ನೋಡದೆ ಕಂಡುಹಿಡಿಯಲಾರ. ಬೇರೆ ಮಕ್ಕಳ ಬಟ್ಟೆಯಂತೆ ಕಾಣಬೇಕು, ಅವಳದು ಅಷ್ಟೇ ಹಟ.

ಕಚೇರಿಯ ಮೇಡಂ ಮೇಜಿನ ಆಚೆಯಿಂದ ಕೇಳಿದರು. "ಕೋಟು ನೀನೇ ಹಾಕ್ಕೊಂಡು ತೋರಿಸ್ತೀಯಾ ಪುಟ್ಟಾ?"

ಜಡ್ಜಮ್ಮ ತೋರಿಸಿದಳು. ತೋಳು ತೂರಿಸಲು ಹೊತ್ತು ಹಿಡಿಯಿತು. ಆಮೇಲೆ ಅಂಗೈ ಸರ್ರನೆ ಇಳಿಯಿತು, ಗುಂಡಿಗಳು ಸಾಲಾಗಿ ಕೂತವು.

"ಶಭಾಷ್! ಗುಂಡಿ ಕೂಡ ಹಾಕ್ಕೋತಾಳಲ್ಲ!"

ಹೇಳಬೇಕಿತ್ತು. ಟೈಲರಕ್ಕ ಹೇಳಲೆಂದೇ ಬಾಯಿ ತೆರೆದಳು. ಆದರೆ ಅಷ್ಟು ಕಚೇರಿ ಅಲೆದರೂ ಮಗಳಿಗೆ ಯಾರೂ ಶಭಾಷ್ ಎಂದಿರಲಿಲ್ಲ. ಆ ಮಾತು ಕಿವಿಯಲ್ಲಿ ಇನ್ನೊಂದಿಷ್ಟು ಹೊತ್ತು ಇರಲಿ ಅನಿಸಿತು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

ಸ್ವಲ್ಪ ದಿನಕ್ಕೆ ಉತ್ತರ ಬಂತು. ಮಗು ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ, ಸಹಾಯಕಿಯ ಅಗತ್ಯವಿಲ್ಲ. ಫಸ್ಟ್ ಕ್ಲಾಸಲ್ಲಿ ಪಾಸಾಗಿದ್ದೇವೆಂದು ಅಜ್ಜಿ ಎರಡು ನಿಮಿಷ ಹಿಗ್ಗಿದರು. ಅರ್ಥ ತಿಳಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು.

ಮಗಳಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಥೆರಪಿಯವಳ ಹತ್ತಿರ ಟೈಲರಕ್ಕ, ಮಗಳಿಗೆ ಕೇಳದ ಹಾಗೆ, ಇದನ್ನೆಲ್ಲ ತೋಡಿಕೊಂಡಳು. ಆಕೆ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ನಿಮ್ಮ ಕೈಚಳಕ ನಿಮಗೇ ಮುಳುವಾಯ್ತಲ್ಲ ಅಕ್ಕಾ. ಅವರಿಗೆ ಹೇಗೆ ಗೊತ್ತಾಗ್ಬೇಕು? ಇನ್ನೊಂದು ಸಲ ನೋಡಿ ಅಂತ ಕೇಳೋಕೆ ಅವಕಾಶ ಇದೆ, ಕೇಳಿ. ಆದ್ರೆ ಅಂಗಡೀಲಿ ಸಿಗೋ ಕೋಟು ಹಾಕಿಸ್ಕೊಂಡು ಹೋಗಿ. ಅಲ್ಲಿ ನೀವು ಮಧ್ಯೆ ಕೈ ಹಾಕ್ಬೇಡಿ."

"ನಾನೆಲ್ಲಿ ಕೈ ಹಾಕ್ತೀನಿ?"

"ಇಲ್ಲಿ ಬಂದಾಗಿನಿಂದ ಅವಳ ಬಾಯಿ ಎಷ್ಟು ಸಲ ಒರೆಸಿದ್ರಿ?"

"ನಾನಾ?" ಎಂದ ಟೈಲರಕ್ಕ ತನ್ನ ಕೈ ನೋಡಿಕೊಂಡಳು. ಕರ್ಚೀಫು ಅಲ್ಲೇ ಇತ್ತು, ಒದ್ದೆಯಾಗಿ.

ಗಂಡ ರೆಡಿಮೇಡ್ ಕೋಟು ತಂದ. ಅದು ಮನೆಗೆ ಬಂದದ್ದೇ ಟೈಲರಕ್ಕನಿಗೆ ಅವಮಾನ. ಒಳಗಿನ ಹೊಲಿಗೆ ನೋಡಿ ಮೂಗು ಮುರಿದಳು. ಅಜ್ಜಿಯ ಸಿಟ್ಟೇ ಬೇರೆ. "ಇದ್ದದ್ದನ್ನ ಮುಚ್ಚಿ ಬೆಳೆಸೋದು ಬಿಟ್ಟು, ನಾಲ್ಕು ಜನರ ಮುಂದೆ ಮಗು ಕೈಲಾಗದವಳು ಅಂತ ತೋರಿಸೋಕೆ ಹೊರಟಿದ್ದೀಯಲ್ಲ ನೀನು!"

"ತೋರಿಸದೇ ಇದ್ರೆ ಅವಳು ಮನೇಲೇ ಕೂರ್ಬೇಕು ಅತ್ತೆ. ನೀವೇ ಹೇಳಿ, ಯಾವುದು ಬೇಕು?"

ಅತ್ತೆ ಕೋಟನ್ನು ಮಡಿಸಿ ಚೀಲಕ್ಕೆ ಹಾಕಿದರು. ಸೊಸೆಗೂ ಒಳಗೊಳಗೆ ಅದೇ ಭಯವಿತ್ತು, ಇನ್ನೂ ದೊಡ್ಡದಾಗಿ. ತನಗೆ ಗುಂಡಿ ಹಾಕಿಕೊಳ್ಳಲು ಬರುತ್ತದೆ ಎಂದು ಮಗಳು ನಂಬಿದ್ದಾಳೆ. ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಾಗುವುದು ಪರರ ಮುಂದೆ, ಆ ಮೇಜಿನ ಎದುರು. ಮೊದಲೇ ಹೇಳಿಬಿಡೋಣವೆಂದು ಹಲವು ಸಲ ಮಿಷಿನ್ ನಿಲ್ಲಿಸಿ ಮಗಳ ಕಡೆ ತಿರುಗಿದಳು. ಪ್ರತಿ ಸಲವೂ ಹೇಳದೆ ಮತ್ತೆ ಮಿಷಿನ್ ತುಳಿದಳು.

ಎರಡನೇ ಸಲ ಹೋದಾಗಲೂ ಲಿಫ್ಟ್ ಕೆಟ್ಟೇ ಇತ್ತು. ಮೇಡಂ ಅವರೇ. ಫ್ಯಾನಿನ ಕೆಳಗೆ ಅದೇ ಮೇಜು.

"ಕೋಟು ಹಾಕ್ಕೋ ಪುಟ್ಟಾ."

ಟೈಲರಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೇ ಕೂತಳು.

ಜಡ್ಜಮ್ಮ ತೋಳು ತೂರಿಸಿದಳು. ಅಭ್ಯಾಸದಂತೆ ಅಂಗೈಯನ್ನು ಮೇಲಿನಿಂದ ಕೆಳಕ್ಕೆ ಒತ್ತಿದಳು. ಕೋಟು ಬಿಚ್ಚಿಕೊಂಡೇ ಇತ್ತು. ತಲೆ ಬಗ್ಗಿಸಿ ನೋಡಿದಳು. ಒಂದು ಗುಂಡಿಯನ್ನು ಎಡಗೈ ಬೆರಳುಗಳಲ್ಲಿ ಹಿಡಿದು ಕಾಜಾದ ಕಡೆ ತಂದಳು. ಜಾರಿತು. ಮತ್ತೆ ತಂದಳು. ಬಲಗೈ ಸಹಾಯಕ್ಕೆ ಬರಲು ಹೋಗಿ ಬಿಗಿದು ಎದೆಗೆ ಅಂಟಿಕೊಂಡಿತು. ನಾಲಿಗೆಯ ತುದಿ ಹೊರಗೆ ಬಂತು, ಜೊಲ್ಲು ಇಳಿದು ಹೊಸ ಕೋಟಿನ ಮೇಲೆ ಬಿತ್ತು. ಟೈಲರಕ್ಕನ ಕೈಗಳು ತೊಡೆಯ ಕೆಳಗೆ ಒದ್ದಾಡಿದವು. ಒರೆಸುವುದೊಂದು ಕ್ಷಣದ ಕೆಲಸ. ಒರೆಸಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

"ಸಾಕು ಮಗು, ಪರವಾಗಿಲ್ಲ" ಎಂದರು ಮೇಡಂ.

"ತಾಳಿ, ಇನ್ನೂ ನೋಡ್ತಿದೀನಿ." ಮತ್ತೆ ಪ್ರಯತ್ನಿಸಿದಳು. ಕೊನೆಗೆ ಗುಂಡಿಯನ್ನು ಬಿಟ್ಟು ತಲೆಯೆತ್ತಿ ತೀರ್ಪು ಕೊಟ್ಟಳು. "ಇದು ಅಂಗಡಿ ಗುಂಡಿ. ನನ್ನ ಕೈಲಿ ಆಗಲ್ಲ. ಅಮ್ಮನ ಗುಂಡಿಯಾದ್ರೆ ಒಳಗೆ ವೆಲ್ಕ್ರೋ ಇರತ್ತೆ."

ಟೈಲರಕ್ಕ ಮಗಳ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ತೆಗೆಯುವಾಗ ಚರ್ ಅಂತ ಸದ್ದು ಬರತ್ತಲ್ಲಮ್ಮ. ಕ್ಲಾಸಲ್ಲಿ ಎಲ್ಲರಿಗೂ ಗೊತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಮಗಳು ಇಂಥ ಪ್ರಶ್ನೆಯನ್ನೂ ಕೇಳುತ್ತಾರಾ ಎಂಬಂತೆ ನೋಡಿದಳು. "ನಿಂಗೆ ಗುಂಡಿ ಇಷ್ಟ ಅಲ್ವಾ? ಅದಕ್ಕೇ ಸುಮ್ನಿದ್ದೆ."

ಮಗಳಿಗೆ ನೋವಾಗದಿರಲೆಂದು ಟೈಲರಕ್ಕ ಬಚ್ಚಿಟ್ಟದ್ದನ್ನು, ಅಮ್ಮನಿಗೆ ನೋವಾಗದಿರಲೆಂದು ಮಗಳು ಇಷ್ಟು ದಿನ ಬಚ್ಚಿಟ್ಟಿದ್ದಳು. ಅಮ್ಮನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಜಡ್ಜಮ್ಮ ಮೇಜಿನ ಕಡೆ ತಿರುಗಿದ್ದಳು. "ಆಂಟಿ, ನೀವು ಗುಂಡಿ ಹಾಕಿಕೊಡ್ತೀರಾ? ಫ್ಯಾನ್ ಗಾಳಿ ಜೋರಾಗಿದೆ."

ಮೇಡಂ ಎದ್ದು ಬಂದು, ಮಂಡಿಯೂರಿ, ಒಂದೊಂದಾಗಿ ಗುಂಡಿ ಹಾಕಿದರು. ಮಗಳು ಹೀಗೆ ಬಾಯಿಬಿಟ್ಟು ಇನ್ನೊಬ್ಬರ ಸಹಾಯ ಕೇಳಿದ್ದನ್ನು ಟೈಲರಕ್ಕ ಇದುವರೆಗೆ ನೋಡಿಯೇ ಇರಲಿಲ್ಲ. ಕೇಳುವುದಕ್ಕೆ ತಾನು ಬಿಟ್ಟಿದ್ದರಲ್ಲವೇ? ಬೇಕು ಅನ್ನುವ ಮೊದಲೇ ತನ್ನ ಕೈ ಅಲ್ಲಿರುತ್ತಿತ್ತು.

"ಇನ್ನೇನೇನು ಆಗಲ್ಲ ಹೇಳಿ" ಎಂದರು ಮೇಡಂ, ಮತ್ತೆ ಕೂತು ಪೆನ್ನು ತೆಗೆದುಕೊಂಡು.

ಟೈಲರಕ್ಕ ಈ ಸಲ ಬಾಯಿ ಮುಚ್ಚಲಿಲ್ಲ. ಚಡ್ಡಿ ಏರಿಸಿಕೊಳ್ಳಲು ಬರುವುದಿಲ್ಲ, ಒಬ್ಬಳೇ ಕೂತರೆ ವಾಲುತ್ತಾಳೆ, ನೀರಿನ ಬಾಟಲಿಯ ಮುಚ್ಚಳ ತೆಗೆಯಲಾರಳು. ಹೇಳಿದಂತೆಲ್ಲ ಮಗಳು ಪಕ್ಕದಲ್ಲಿ ತಲೆಯಾಡಿಸುತ್ತಿದ್ದಳು. ಒಂದು ಕಡೆ ಮಾತ್ರ ತಡೆದಳು. "ಮುಚ್ಚಳ ಲೂಸಾಗಿದ್ರೆ ತೆಗೀತೀನಿ. ಅದನ್ನೂ ಬರ್ಕೊಳ್ಳಿ ಆಂಟಿ." ಮೇಡಂ ಬರೆದುಕೊಂಡರು.

ಸಹಾಯಕಿ ಮಂಜೂರಾದಳು. ಇಡೀ ದಿನಕ್ಕಲ್ಲ, ಮಧ್ಯಾಹ್ನದ ಊಟದ ಹೊತ್ತಿನವರೆಗೆ. ಉಳಿದ ಹೊತ್ತಿಗೆ ಹೆಡ್‌ಮಿಸ್ ತಾವೇ ಏನಾದರೂ ವ್ಯವಸ್ಥೆ ಮಾಡುವುದಾಗಿ ಹೇಳಿದರು. ಮಗಳು ಶಾಲೆಯಲ್ಲೇ ಉಳಿದಳು.

ರಜೆ ಮುಗಿಯುವ ಮುಂಚೆ ಟೈಲರಕ್ಕ ಹೊಸ ಯೂನಿಫಾರ್ಮಿಗೆ ಬಟ್ಟೆ ಕತ್ತರಿಸಿದಳು. ವೆಲ್ಕ್ರೋ ಪಟ್ಟಿ ಹೊಲಿದು ಮುಗಿಸಿ, ಗುಂಡಿ ಡಬ್ಬಿಯನ್ನು ಕೈಗೆತ್ತಿಕೊಂಡವಳು ಹಾಗೇ ಮುಚ್ಚಿಟ್ಟಳು. "ಈ ಸಲ ಬರೀ ಪಟ್ಟಿ ಸಾಕು ಅಲ್ವಾ? ಗುಂಡಿ ಯಾಕೆ ಸುಮ್ನೆ?"

ಜಡ್ಜಮ್ಮ ಕುರ್ಚಿಯಲ್ಲಿ ಕೂತೇ ತೀರ್ಪು ಕೊಟ್ಟಳು.

"ಕತ್ತಿನ ಹತ್ರ ಒಂದು ಹಾಕು. ನಿಜವಾದ ಕಾಜಾ ಮಾಡಿ ಹಾಕು."

"ನಿಂಗೆ ಆಗಲ್ವಲ್ಲೇ ಅದು."

"ನಂಗೆ ಆಗಲ್ಲ. ಸಹಾಯಕ್ಕೆ ಬರೋ ಅಕ್ಕಂಗೆ ಏನಾದ್ರೂ ಕೆಲಸ ಬೇಡ್ವಾ?"

ಟೈಲರಕ್ಕ ಡಬ್ಬಿ ತೆರೆದು, ಇದ್ದವುಗಳಲ್ಲಿ ದೊಡ್ಡ ಗುಂಡಿಯೊಂದನ್ನು ಆರಿಸಿ, ಸೂಜಿಗೆ ದಾರ ಪೋಣಿಸಿದಳು.