ಸೀಮೆಸುಣ್ಣದ ಗೆರೆ

ಈ ಊರಿನ ಹೆಸರು ಹೇಳುವುದು ಬೇಡ. ಹೇಳಿದರೆ ಮಿಕ್ಕ ಊರುಗಳವರು ನಿರಾಳವಾಗಿಬಿಡುತ್ತಾರೆ. ಊರಿನ ಪಕ್ಕದಲ್ಲಿ ಒಂದು ಹೊಳೆ ಇತ್ತು, ಹೊಳೆಯ ಈ ದಡದಲ್ಲಿ ಒಂದು ಹೈಸ್ಕೂಲು. ಆಚೆ ದಡದಲ್ಲೂ ಒಂದು ಹೈಸ್ಕೂಲಿತ್ತು. ಒಂದು ವರ್ಷ ಅದರ ಮಾಡು ಕುಸಿದುಬಿತ್ತು. ಭಗವಂತನ ದಯೆ, ಅಂದು ಭಾನುವಾರವಾಗಿತ್ತು. ಯಾರ ತಲೆಯ ಮೇಲೂ ಒಂದು ಹೆಂಚೂ ಬೀಳಲಿಲ್ಲ. ಅಲ್ಲಿಯ ಮಕ್ಕಳು ಪುಸ್ತಕದ ಚೀಲಗಳನ್ನು ಎದೆಗೆ ಅವಚಿಕೊಂಡು, ದೋಣಿ ಹತ್ತಿ, ಈ ದಡಕ್ಕೆ ಬಂದರು. ಅವರಲ್ಲಿ ಶಾಂಭವಿ ಎಂಬ ಹುಡುಗಿಯೂ ಒಬ್ಬಳು.

ತರಗತಿಯಲ್ಲಿ ಮುಂದಿನ ಬೆಂಚುಗಳೆಲ್ಲ ತುಂಬಿದ್ದವು. ಬಾಗಿಲಲ್ಲಿ ನಿಂತ ಶಾಂಭವಿಗೆ ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಆಗ ಈ ಊರಿನವಳೇ ಆದ ದೇವೀರಿ ಎಂಬ ಹುಡುಗಿ ಅವಳ ಕೈ ಹಿಡಿದು ಎಳೆದಳು.

"ಕೂತ್ಕೋ ಬಾರೇ. ನೆಂಟರನ್ನ ನಿಲ್ಸಿದೆ ಅಂತ ಗೊತ್ತಾದ್ರೆ ನಮ್ಮವ್ವ ನನ್ನ ಮನೆಗೆ ಸೇರಿಸಲ್ಲ."

"ಮೂರು ದಿನಕ್ಕೆ ನೆಂಟ, ನಾಲ್ಕನೇ ದಿನಕ್ಕೆ ತಂಟೆ ಕಣೇ," ಎಂದ ಹಿಂದಿನ ಬೆಂಚಿನ ತಿಮ್ಮಪ್ಪ. ಅವನು ತರಗತಿಯ ತಮಾಷೆಗಾರ. ಎಲ್ಲರೂ ನಕ್ಕರು, ಬಂದವರೂ ನಕ್ಕರು.

ಬಂದವರಿಗೆ ಪಾಠ ತಪ್ಪಿಹೋಗಿದೆ, ಅವರು ಬೋರ್ಡಿಗೆ ಹತ್ತಿರ ಕೂರಲಿ ಎಂದು ಊರಿನ ಮಕ್ಕಳು ತಾವಾಗಿಯೇ ಮುಂದಿನ ಐದು ಸಾಲು ಬಿಟ್ಟುಕೊಟ್ಟು ಹಿಂದೆ ಹೋದರು. ಬುತ್ತಿಯಲ್ಲಿದ್ದ ಬೇಯಿಸಿದ ಜೋಳದ ತೆನೆಗಳನ್ನು ಮುರಿದು ಅರ್ಧರ್ಧ ಕೊಟ್ಟರು. ಯಾವ ನಲ್ಲಿಯ ನೀರು ಸಿಹಿ, ಯಾವ ಬೇಲಿಯ ಸೊಪ್ಪು ಮುಟ್ಟಿದರೆ ತುರಿಕೆ ಎಂದು ತೋರಿಸಿಕೊಟ್ಟರು. ಕೊಡುವ ಕೈಗಳಲ್ಲಿ ದೇವರಿರುತ್ತಾನೆ ಎಂದು ನಾವು ಕೇಳಿದ್ದೇವಲ್ಲ, ಆ ವಾರ ಆ ಕೋಣೆಯಲ್ಲಿ ಅವನು ಇದ್ದ. ಆಮೇಲೂ ಇದ್ದ. ನಾವು ನೋಡಲಿಲ್ಲ ಅಷ್ಟೆ.

ಎರಡನೇ ವಾರ ಇತಿಹಾಸದ ಮೇಷ್ಟ್ರು ಹೊಸ ಪಾಠ ತೆಗೆದರು: ಅಮೆರಿಕದ ಮೊದಲ ದಿನಗಳು. ಮೇಷ್ಟ್ರು ಒಳ್ಳೆಯವರು. ಬೆತ್ತ ಮುಟ್ಟಿದವರಲ್ಲ, ದನಿ ಎತ್ತಿದವರಲ್ಲ. ಪಾಠಕ್ಕೆ ಮೊದಲು ಮಕ್ಕಳೆಲ್ಲ ನೆಲದ ಮೇಲೆ ಮಂಡಿಯೂರಿ, ಕಣ್ಣು ಮುಚ್ಚಿ ಐದು ನಿಮಿಷ ಪ್ರಾರ್ಥಿಸಬೇಕೆಂಬುದು ಅವರದೇ ನಿಯಮ.

"ಸಮುದ್ರದ ಆಚೆಯಿಂದ ಹಡಗಿನಲ್ಲಿ ಜನ ಬಂದರು," ಎಂದರು ಮೇಷ್ಟ್ರು. "ಮೊದಲ ಚಳಿಗಾಲದಲ್ಲಿ ಅರ್ಧಕ್ಕರ್ಧ ಜನ ಸತ್ತರು. ಉಳಿದವರಿಗೆ, ಅಲ್ಲಿ ಮೊದಲಿಂದ ಇದ್ದವರು ಜೋಳ ಬಿತ್ತೋದನ್ನ ಕಲಿಸಿದರು. ಗುಣಿಯಲ್ಲಿ ಮೀನು ಹೂತು, ಅದರ ಮೇಲೆ ಬೀಜ ಹಾಕೋದು. ಬೆಳೆ ಬಂತು. ಇಬ್ಬರೂ ಕೂತು ಊಟ ಮಾಡಿದರು. ಇದನ್ನ ಬರೀ ಓದಿದರೆ ಮರೀತೀರಿ ಮಕ್ಕಳೇ, ಆಡಿದರೆ ಮರೆಯಲ್ಲ. ಹೊಳೆ ದಾಟಿ ಬಂದವರು ಹಡಗಿನವರು. ಹಿಂದಿನವರು ಅಲ್ಲೇ ಇದ್ದವರು."

ಹಾಗೆಂದು ಸೀಮೆಸುಣ್ಣ ತೆಗೆದುಕೊಂಡು, ಐದನೇ ಸಾಲಿನ ಹಿಂದೆ ಈ ಗೋಡೆಯಿಂದ ಆ ಗೋಡೆಗೆ ನೆಲದ ಮೇಲೆ ಒಂದು ಗೆರೆ ಎಳೆದರು.

ಪರಸೀಮೆಯಿಂದ ಬಂದ ಸುಣ್ಣವೆಂದು ಹಿರಿಯರು ಅದನ್ನು ಸೀಮೆಸುಣ್ಣ ಎಂದು ಕರೆದರಂತೆ. ಸೀಮೆ ಎಂದರೆ ಎಲ್ಲೆಯೂ ಹೌದು. ಆ ಇನ್ನೊಂದು ಅರ್ಥ ಇಷ್ಟು ಕಾಲ ಡಬ್ಬಿಯೊಳಗೆ ಸುಮ್ಮನೆ ಮಲಗಿತ್ತು.

"ಸಾರ್, ಇದು ಲಕ್ಷ್ಮಣರೇಖೆನಾ?" ಎಂದ ತಿಮ್ಮಪ್ಪ. "ಹಂಗಾದ್ರೆ ರಾವಣ ಯಾವ ಕಡೆ ಅಂತ ಹೇಳ್ಬಿಡಿ."

ಮೇಷ್ಟ್ರೂ ನಕ್ಕರು. "ರಾವಣ ಯಾರೂ ಇಲ್ಲಪ್ಪ ಇಲ್ಲಿ. ಹೊಳೆ ಹರಿಯೋವರೆಗೂ ಈ ಗೆರೆ ಇಲ್ಲೇ ಇರುತ್ತೆ." ಅದನ್ನೇ ಒಂದು ಹಾಳೆಯಲ್ಲಿ ಬರೆದರು. ಮುಂದಿನವರ ಪರವಾಗಿ ಶಾಂಭವಿ, ಹಿಂದಿನವರ ಪರವಾಗಿ ದೇವೀರಿ ಸಹಿ ಹಾಕಿದರು.

ಮರುದಿನ ಪ್ರಾರ್ಥನೆ ಮುಗಿದು ಕಣ್ಣು ಬಿಟ್ಟಾಗ ಗೆರೆ ಆರನೇ ಸಾಲಿನ ಹಿಂದಿತ್ತು.

ಯಾರೂ ಎದ್ದ ಸದ್ದಾಗಿರಲಿಲ್ಲ. ಹಳೆಯ ಗೆರೆಯ ಗುರುತೂ ಇರಲಿಲ್ಲ. ಆರನೇ ಸಾಲಿನ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪುಸ್ತಕ ಎತ್ತಿಕೊಂಡು ಹಿಂದಕ್ಕೆ ಸರಿದರು.

"ನಿನ್ನೆ ಗೆರೆ ಇಲ್ಲಿರಲಿಲ್ಲ ಸಾರ್," ಎಂದಳು ದೇವೀರಿ.

"ಪಾಠ ಮುಂದೆ ಹೋಗಿದೆಯಲ್ಲಮ್ಮ, ಗೆರೆಯೂ ಹೋಗಿದೆ," ಎಂದರು ಮೇಷ್ಟ್ರು ಮೆತ್ತಗೆ. ಹೊಸ ಹಾಳೆ ತೆಗೆದರು. ಹೊಳೆ ಹರಿಯೋವರೆಗೂ ಎಂದು ಮತ್ತೆ ಬರೆದರು. ಇಬ್ಬರೂ ಮತ್ತೆ ಸಹಿ ಹಾಕಿದರು.

ಹೀಗೆ ಮೂರನೇ ಹಾಳೆ, ನಾಲ್ಕನೇ ಹಾಳೆ. ಗೆರೆಯ ಹಿಂದೆ ಒಂದು ಬೆಂಚಿಗೆ ನಾಲ್ವರಿದ್ದದ್ದು ಎಂಟು ಜನವಾಯಿತು. ಆಮೇಲೆ ಗೋಡೆಗೆ ಒರಗಿ ನಿಂತರು. ಮುಂದೆ ಖಾಲಿ ಬೆಂಚುಗಳು ಹೆಚ್ಚಿದವು. ಹಡಗಿನವರು ಅವುಗಳ ಮೇಲೆ ಚೀಲ ಇಟ್ಟರು, ಛತ್ರಿ ಇಟ್ಟರು, ಕಾಲು ಚಾಚಿದರು. ಅದರಲ್ಲಿ ಯಾರ ಕೆಟ್ಟತನವೂ ಇರಲಿಲ್ಲ. ಜಾಗವಿದ್ದರೆ ಕಾಲು ಚಾಚುವುದು ದೇಹದ ಸ್ವಭಾವ.

ಐದನೇ ದಿನ ಇನ್ನೊಂದು ಸಂಗತಿ ನಡೆಯಿತು. ಗೆರೆಯ ಆಚೆ ನಿಂತ ತಿಮ್ಮಪ್ಪ ಏನೋ ತಮಾಷೆ ಮಾಡಿದ. ಅವನ ಬಾಯಿ ಆಡುತ್ತಿರುವುದು ಶಾಂಭವಿಗೆ ಕಂಡಿತು. ಅವನ ಸುತ್ತ ನಿಂತವರು ಹೊಟ್ಟೆ ಹಿಡಿದು ನಗುತ್ತಿರುವುದೂ ಕಂಡಿತು. ಆದರೆ ಒಂದು ಚೂರು ಸದ್ದೂ ಈಚೆಗೆ ಬರಲಿಲ್ಲ. ಮೇಷ್ಟ್ರು ಹಾಜರಿ ಕರೆದರು. "ತಿಮ್ಮಪ್ಪ!" ಅವನು ಕೈ ಎತ್ತಿ, ಕುತ್ತಿಗೆಯ ನರ ಉಬ್ಬುವಂತೆ ಕೂಗಿದ. ಮೇಷ್ಟ್ರು ಎರಡು ಕ್ಷಣ ಕಾದು, ಗೈರುಹಾಜರಿ ಹಾಕಿ, ಮುಂದಿನ ಹೆಸರಿಗೆ ಹೋದರು. ಮರುದಿನದಿಂದ ಆ ಹೆಸರನ್ನೇ ಕರೆಯಲಿಲ್ಲ. ತಿಮ್ಮಪ್ಪ ಈಗ ಜಗಲಿಯಲ್ಲಿ, ಕಿಟಕಿಯ ಕಂಬಿ ಹಿಡಿದು ನಿಂತಿದ್ದ. ಅವನ ಪಕ್ಕದಲ್ಲಿ ಇನ್ನೂ ಕೆಲವರಿದ್ದರು.

"ಅವರೆಲ್ಲ ಯಾಕೆ ಹೊರಗಿದ್ದಾರೆ?" ಎಂದು ಶಾಂಭವಿ ಪಕ್ಕದವಳನ್ನು ಕೇಳಿದಳು.

"ಯಾರು?" ಎಂದಳು ಪಕ್ಕದವಳು. ಕಿಟಕಿಯ ಕಡೆ ನೋಡಿ, "ಗಾಳಿ ಚೆನ್ನಾಗಿದೆ ಅಲ್ವಾ," ಎಂದಳು.

ಅಂದು ಮಧ್ಯಾಹ್ನ ಬಿಡುವಿನಲ್ಲಿ ಶಾಂಭವಿ ನಲ್ಲಿಯ ಹತ್ತಿರ ದೇವೀರಿಯನ್ನು ಹುಡುಕಿಕೊಂಡು ಹೋದಳು. ಶಾಲೆಯ ಕೋಣೆಯಿಂದಾಚೆ ಮಾತು ಇನ್ನೂ ಕೇಳುತ್ತಿತ್ತು.

"ನಾನೇನೂ ಮಾಡಿಲ್ಲ ದೇವೀರಿ. ಆ ಗೆರೆ ತಾನಾಗೇ ಹೋಗ್ತಿದೆ."

"ಗೆರೆಗೆ ಕಾಲು ಬಂದಿದ್ಯಾ?"

"ನಂಗೇನು ಗೊತ್ತು?"

"ನಿನ್ನ ಕೈ ನೋಡ್ಕೋ."

ಶಾಂಭವಿ ನೋಡಿಕೊಂಡಳು. ಬೆರಳುಗಳು ಮಣಿಕಟ್ಟಿನವರೆಗೂ ಬೆಳ್ಳಗಿದ್ದವು. "ಬೋರ್ಡ್ ಒರೆಸಿದ್ದೆ," ಎಂದಳು.

"ಬೋರ್ಡ್ ಒರೆಸೋಕೆ ಒಬ್ಬರ ಕೈ ಸಾಕು ಕಣೇ. ನಿಮ್ಮೆಲ್ಲರ ಕೈಯೂ ಹಿಂಗೇ ಇದೆ." ದೇವೀರಿ ನಲ್ಲಿ ನಿಲ್ಲಿಸಿದಳು. "ಪರೀಕ್ಷೆಗೆ ಹೋಗೋದು ಹಾಜರಿಯಲ್ಲಿ ಇರೋರ ಹೆಸರು ಮಾತ್ರ. ನನ್ನ ಹಿಂದೆ ಒಂದೇ ಒಂದು ಅಡಿ ಉಳಿದಿದೆ, ಆಮೇಲೆ ಗೋಡೆ. ನಮ್ಮ ಮನೇಲಿ ಇಲ್ಲೀವರೆಗೂ ಯಾರೂ ಪರೀಕ್ಷೆಗೆ ಕೂತಿಲ್ಲ ಶಾಂಭವಿ. ನಾನು ಕೂರ್ಬೇಕು."

ಶಾಂಭವಿಯ ಅಜ್ಜಿ ಒಂದು ಮಾತು ಹೇಳುತ್ತಿದ್ದಳು: ಪ್ರಾರ್ಥನೆಯಲ್ಲಿ ನೀನು ಕಣ್ಣು ಬಿಟ್ಟರೆ ದೇವರು ಕಣ್ಣು ಮುಚ್ಚುತ್ತಾನೆ. ಆ ಭಯದಲ್ಲೇ ಬೆಳೆದ ಹುಡುಗಿ ಅವಳು. ಮರುದಿನ ಮಂಡಿಯೂರಿ, ಕೈ ಜೋಡಿಸಿ, 'ಸ್ವಾಮಿ, ತಪ್ಪಾದರೆ ನನ್ನ ಕಣ್ಣಿಗೇ ಶಿಕ್ಷೆಯಿರಲಿ' ಎಂದುಕೊಂಡು ಕಣ್ಣು ಬಿಟ್ಟಳು.

ಅವಳ ಮುಂದೆ ಬೋರ್ಡ್ ಇರಲಿಲ್ಲ. ಅವಳು ಕೋಣೆಯ ಹಿಂಭಾಗದಲ್ಲಿದ್ದಳು.

ಹಡಗಿನವರೆಲ್ಲ ಅಲ್ಲಿದ್ದರು. ಎಲ್ಲರ ರೆಪ್ಪೆಗಳೂ ಮುಚ್ಚಿದ್ದವು, ತುಟಿಗಳು ದೇವರ ನಾಮದಲ್ಲಿ ಆಡುತ್ತಿದ್ದವು, ಕೈಗಳು ಸಾಲಾಗಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದವು. ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಹಿಡಿಯುತ್ತಿದ್ದರು. ಎಲ್ಲೂ ಬಿರುಕಿಲ್ಲ, ಎಲ್ಲೂ ವಕ್ರವಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ, ಕೈ ಮುಗಿದುಕೊಂಡು, ಕಾಲಿನಿಂದ ನಿನ್ನೆಯ ಗೆರೆಯನ್ನು ಒರೆಸುತ್ತಿದ್ದರು. ಗೆರೆಯ ಆಚೆ, ಮಾರುದ್ದ ದೂರವೂ ಇಲ್ಲ, ದೇವೀರಿ ಗೋಡೆಗಂಟಿ ಮಂಡಿಯೂರಿದ್ದಳು. ಅವಳ ಕಣ್ಣು ತೆರೆದೇ ಇತ್ತು. ಬಹುಶಃ ಮೊದಲ ದಿನದಿಂದಲೂ ತೆರೆದೇ ಇತ್ತು. ಅವಳು ನೋಡುತ್ತಿದ್ದದ್ದು ಶಾಂಭವಿಯ ಬಲಗೈಯನ್ನು.

ಆ ಕೈ ಇನ್ನೂ ಎಳೆಯುತ್ತಿತ್ತು. ಶಾಂಭವಿ ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಬೇಕಾಯಿತು. ಬೆರಳುಗಳ ನಡುವೆ ಒಂದು ತುಂಡು ಸೀಮೆಸುಣ್ಣ ಉಳಿದಿತ್ತು. ಅದನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ಅವಳು ಬಿಟ್ಟ ಜಾಗವನ್ನು ಪಕ್ಕದವಳ ಕೈ ಬಂದು ಪೂರ್ತಿ ಮಾಡಿತು.

ತರಗತಿ ಮುಗಿದ ಮೇಲೆ ಅವಳು ಮೇಷ್ಟ್ರ ಹತ್ತಿರ ಹೋಗಿ ಕಂಡದ್ದನ್ನೆಲ್ಲ ಹೇಳಿದಳು. ಮೇಷ್ಟ್ರ ಮುಖ ಸಪ್ಪಗಾಯಿತು.

"ಕಣ್ಣು ಬಿಟ್ಟಿದ್ದೆಯಾ?"

"ಹೌದು ಸಾರ್. ಆದರೆ ಗೆರೆ—"

"ಪ್ರಾರ್ಥನೆ ಹೊತ್ತಿನಲ್ಲಿ ಕಣ್ಣು ಬಿಡಬಾರದಮ್ಮ," ಎಂದರು ನಿಜವಾದ ನೋವಿನಿಂದ. "ಇನ್ನೊಂದು ಸಲ ಹಾಗೆ ಮಾಡಬೇಡ."

ದೇವರ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು ಎಂದು ನಾವು ನಂಬುವವರು. ನಂಬಬೇಕು. ಆದರೆ ನಮ್ಮ ಕೈ ಮಾಡಿದ್ದನ್ನೆಲ್ಲ ಆ ಅಪ್ಪಣೆಯ ಲೆಕ್ಕಕ್ಕೆ ಹಾಕಿಬಿಡುವುದು ಭಕ್ತಿಯಲ್ಲ. ಶಾಂಭವಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅಂದು ಮನೆಗೆ ಹೋಗುವಾಗ ದೋಣಿಯಲ್ಲಿ ಅವಳು ಮುಷ್ಟಿ ಬಿಚ್ಚಲಿಲ್ಲ. ಬೆಳಿಗ್ಗೆ ಬರುವಾಗಲೂ ಬಿಚ್ಚಿರಲಿಲ್ಲ.

ಆ ದಿನ ಪಾಠದ ಕೊನೆಯ ದಿನ. ಊರಿನ ವಿದ್ಯಾಮಂಡಳಿಯಿಂದ ಸಾಹೇಬರು ಪಾಠ ಕೇಳಲು ಬಂದು ಕುರ್ಚಿಯಲ್ಲಿ ಕೂತಿದ್ದರು. ಪ್ರಾರ್ಥನೆಯಾಯಿತು. ಶಾಂಭವಿ ಕಣ್ಣು ತೆರೆದು, ಎರಡು ಕೈಯನ್ನೂ ಮಂಡಿಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಅದರಿಂದ ಏನೂ ನಿಲ್ಲಲಿಲ್ಲ. ಇಪ್ಪತ್ತು ಕೈ ಇರುವಲ್ಲಿ ಒಂದು ಕೈ ನಿಂತರೆ ಗೆರೆಗೆ ಗೊತ್ತೂ ಆಗುವುದಿಲ್ಲ. ಅದು ಹಿಂದಿನ ಗೋಡೆಯನ್ನು ಮುಟ್ಟಿತು. ದೇವೀರಿಯನ್ನು ಯಾರೂ ದೂಡಲಿಲ್ಲ. ನಿಲ್ಲಲು ನೆಲವಿಲ್ಲದ್ದರಿಂದ ಅವಳು ಪುಸ್ತಕ ಎತ್ತಿಕೊಂಡು, ಹಿಂಬಾಗಿಲಿನಿಂದ ಜಗಲಿಗೆ ಹೋಗಿ ನಿಂತಳು. ಹಾಜರಿಯಲ್ಲಿ ಅವಳ ಹೆಸರು ಬರಲಿಲ್ಲ.

"ಎಲ್ಲರೂ ಹಾಜರು," ಎಂದರು ಮೇಷ್ಟ್ರು, ಸಂತೋಷದಿಂದ.

"ಬಹಳ ಶಿಸ್ತಿನ ತರಗತಿ," ಎಂದರು ಸಾಹೇಬರು.

"ಇವತ್ತು ಮುಖ್ಯವಾದ ಮಾತು ಮಕ್ಕಳೇ. ಆ ಹಡಗಿನವರ ಮಕ್ಕಳು, ಮೊಮ್ಮಕ್ಕಳು, ದೂರದ ದೊರೆಯಿಂದ ಬಿಡುಗಡೆ ಬೇಕು ಅಂತ ಎದ್ದು ನಿಂತು, ಜಗತ್ತಿಗೇ ಒಂದು ವಾಕ್ಯ ಬರೆದುಕೊಟ್ಟರು. ಮನುಷ್ಯರೆಲ್ಲ ಸಮಾನರಾಗಿ ಹುಟ್ಟಿದವರು ಅಂತ. ದೊಡ್ಡಕ್ಷರದಲ್ಲಿ ಬರೀತೀನಿ, ಇಳಿಸಿಕೊಳ್ಳಿ."

ಮೇಷ್ಟ್ರು ಡಬ್ಬಿಗೆ ಕೈ ಹಾಕಿದರು. ಡಬ್ಬಿ ಖಾಲಿಯಾಗಿತ್ತು. ಮೇಜಿನ ಖಾನೆ ಎಳೆದರು, ಕಪಾಟು ತೆಗೆದರು. ಇಡೀ ವರ್ಷಕ್ಕೆಂದು ತಂದಿಟ್ಟ ಸೀಮೆಸುಣ್ಣವೆಲ್ಲ ನೆಲದ ಮೇಲೆ ಸವೆದುಹೋಗಿತ್ತು.

"ಯಾರ ಹತ್ರನಾದ್ರೂ ಒಂದು ಚೂರು ಸೀಮೆಸುಣ್ಣ ಇದೆಯಾ?"

ಶಾಂಭವಿ ಎದ್ದಳು. ಮೇಷ್ಟ್ರು ಕೈ ಚಾಚಿದರು. ಅವಳು ಆ ಕೈಯನ್ನು ನೋಡಿದಳು, ಬೋರ್ಡನ್ನು ನೋಡಿದಳು, ಆಮೇಲೆ ಬೆನ್ನು ತಿರುಗಿಸಿ, ಬೆಂಚುಗಳ ನಡುವೆ ಹಿಂದಕ್ಕೆ ನಡೆದಳು. ಹಿಂಬಾಗಿಲ ಹೊಸ್ತಿಲಲ್ಲಿ ನಿಂತು ಮುಷ್ಟಿ ಬಿಚ್ಚಿದಳು. ಬೆವರಿನಲ್ಲಿ ನೆನೆದ ಅರ್ಧ ಬೆರಳುದ್ದದ ತುಂಡು.

"ತಗೋ ದೇವೀರಿ. ನೀನೇ ಬಂದು ಬರಿ. ನಿನ್ನ ಹೆಸರು ಬರಿ, ಇಲ್ಲ ಆ ವಾಕ್ಯ ಬರಿ, ಏನು ಬೇಕಾದ್ರೂ ಬರಿ. ಇದೊಂದೇ ಉಳಿದಿರೋದು."

ದೇವೀರಿ ತೆಗೆದುಕೊಂಡಳು. ಒಳಗೆ ಬರಲಿಲ್ಲ. ಹೊಸ್ತಿಲಿನಿಂದ ಒಂದು ಮೊಳ ಆಚೆಗೆ ಬಗ್ಗಿ, ಜಗಲಿಯ ನೆಲದ ಮೇಲೆ, ಕಣ್ಣು ಮಿಟುಕಿಸದೆ, ಆ ಕಂಬದಿಂದ ಈ ಕಂಬದವರೆಗೆ ಒಂದು ಗೆರೆ ಎಳೆದಳು. ತುಂಡು ಅಲ್ಲಿಗೆ ಮುಗಿಯಿತು. ಬೆರಳಿನ ಪುಡಿಯನ್ನು ಲಂಗಕ್ಕೆ ಒರೆಸಿಕೊಂಡು ನೆಟ್ಟಗೆ ನಿಂತಳು.

"ಇದು ನಾವು ಎಳೆದದ್ದು," ಎಂದಳು. ಅವಳ ದನಿ ಶಾಂಭವಿಗೆ ಸ್ಪಷ್ಟವಾಗಿ ಕೇಳಿಸಿತು.

ಒಳಗೆ ಮೇಷ್ಟ್ರು ಬರಿಯ ಬೆರಳುಗಳಿಂದ ಬೋರ್ಡಿನ ಮೇಲೆ ಬರೆಯತೊಡಗಿದ್ದರು. ಕಪ್ಪು ಹಲಗೆ ಕಪ್ಪಾಗಿಯೇ ಇತ್ತು. ಬರೆದು ಮುಗಿಸಿ ಪಕ್ಕಕ್ಕೆ ಸರಿದಾಗ ಮಕ್ಕಳೆಲ್ಲ ಒಂದೇ ದನಿಯಲ್ಲಿ ಓದಿದರು, ಒಂದು ಅಕ್ಷರವೂ ತಪ್ಪಲಿಲ್ಲ. ಸಾಹೇಬರು ತಲೆದೂಗಿದರು.

"ಅಕ್ಷರ ಮುತ್ತಿನ ಹಾಗಿದೆ ಮೇಷ್ಟ್ರೇ."

ಶಾಂಭವಿಯ ಹಿಂದೊಂದು ಗೆರೆ, ಮುಂದೊಂದು ಗೆರೆ. ನಡುವೆ ಹೊಸ್ತಿಲು. ಈ ದಡಕ್ಕೆ ಬಂದು ಇಷ್ಟು ದಿನವಾದರೂ ಅವಳ ಬಾಯಲ್ಲಿ ಒಮ್ಮೆಯೂ ಬಾರದ ಮಾತು ಆಗ ಬಂತು.

"ನಾನು ಆ ಕಡೆ ಬರ್ಲಾ?"

ದೇವೀರಿ ತಿರುಗಿ ಜಗಲಿಯುದ್ದಕ್ಕೂ ನೋಡಿದಳು. ಕಂಬಿ ಹಿಡಿದು ನಿಂತಿದ್ದವರೆಲ್ಲ ಈಗ ಇತ್ತ ನೋಡುತ್ತಿದ್ದರು. ಅವರು ಶಾಂಭವಿ ಅಂದುಕೊಂಡದ್ದಕ್ಕಿಂತ ತುಂಬ ಹೆಚ್ಚು ಜನರಿದ್ದರು. ಜಗಲಿ ಮುಗಿದು, ಅಂಗಳ ಮುಗಿದು, ಹೊಳೆಯವರೆಗೂ ನಿಂತಿದ್ದರು; ತೀರ ಹಿಂದೆ, ಹೊಳೆಯ ಹತ್ತಿರ ನಿಂತವರು ಉಟ್ಟಿದ್ದಂಥ ಬಟ್ಟೆಗಳನ್ನು ಅವಳು ಯಾವ ಕಾಲದಲ್ಲೂ ಕಂಡಿರಲಿಲ್ಲ.

"ನಮ್ಮೋರನ್ನ ಕೇಳಿ ಹೇಳ್ತೀನಿ," ಎಂದಳು ದೇವೀರಿ. "ಅಲ್ಲೇ ನಿಂತಿರು."

ಶಾಂಭವಿ ನಿಂತಳು.